ಘಾಟು ಬಂತೇನ್ರಿ?

ಜನ ಕೊರೊನಾ ತರಲಿಕ್ಕೆ ದುಬೈ, ಲಂಡನ್ ಅಂತ ಹೋದರು. ಹಾನಗಲ್ಲಿನವನಾದ ನನಗೆ ಹಾವೇರಿಯೇ ಸಾಕಾಯಿತು. ಅದೂ ಎರಡನೇ ಸಲಕ್ಕೆ.

2023ರ ಜನವರಿ 6ರಿಂದ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ. ಇದೇ ರೋಗದ ದೆಸೆಯಿಂದ ಮುಂದಕ್ಕೆ ಹೋಗಿದ್ದ ಸಮ್ಮೇಳನ. ಅದು ಮುಗಿಸಿ, ಸವಣೂರಿನ ಭಾವಮೈದುನ, ಶಿಗ್ಗಾಂವಿಯ ಅಕ್ಕ ಎಲ್ಲರನ್ನೂ ಮಾತಾಡಿಸಿ ಊರಿಗೆ ಬಂದೆ. ಬಂದದ್ದೇ ಮೈಕೈ ನೋವು, ಗಂಟಲ ಕೆರೆತ. ಮೂಗಿಗೆ ಕಡ್ಡಿ ಹಾಕಿಸಿದೆ. ಪಾಸಿಟಿವ್.

ಯಾವ ತಾಲೂಕಿನ ಕೊಡುಗೆ ಎಂದು ಫೋನಿನಲ್ಲೇ ಜಗಳ ಹತ್ತಿತು. "ಹಾವೇರಿ ಗದ್ದಲದಾಗ ಹತ್ತೇತಿ ಬಿಡು ಮಾಮಾ" ಅಂದ ಸವಣೂರಿನವ. "ಅವನ ಮನ್ಯಾಗ ಯಾರೋ ಸೀನತಿದ್ರು ಅಂದಿದ್ದೆಲ್ಲೋ" ಎಂದು ಅಕ್ಕ ಅದನ್ನು ಸವಣೂರಿಗೇ ದಾಟಿಸಿದಳು. ಗೋಷ್ಠಿಯಲ್ಲಂತೂ ಅಂಟಿರಲಿಕ್ಕಿಲ್ಲ, ನನ್ನ ಸುತ್ತಲಿನ ಕುರ್ಚಿಗಳು ತಾವಾಗಿಯೇ ಅಂತರ ಕಾಯ್ದುಕೊಂಡಿದ್ದವು. ಹಿರೇಕೆರೂರಿನ ಬೀಗರು, "ಇನ್ನೂ ಐತೇನ್ರಿ ಕೊರೊನಾ? ಎಲ್ಲಾ ಮುಗದೈತಲ್ರಿ" ಎಂದು, ತೆಗೆದುಹಾಕಿದ ಸಿನಿಮಾಕ್ಕೆ ಟಿಕೆಟ್ ಕೇಳಿದವನನ್ನು ನೋಡಿದ ಹಾಗೆ ನಕ್ಕರು. ಆ ನಗೆಗೆ ಮೈ ಉರಿಯಿತು. 2021ರ ಮೇ ತಿಂಗಳಲ್ಲಿ ನನ್ನ ಜೊತೆಯ ಮೇಷ್ಟ್ರನ್ನು ಆಕ್ಸಿಜನ್ ಬೆಡ್ಡಿಗಾಗಿ ಹುಬ್ಬಳ್ಳಿಗೆ ಒಯ್ದವರು ದಾರಿಯಿಂದಲೇ ತಿರುಗಿ ಬಂದಿದ್ದರು. ಸಮ್ಮೇಳನಕ್ಕೆ ಕೂಡಿ ಹೋಗೋಣ ಎಂದಿದ್ದವನು ಅವನೇ. ಯಾರಿಗೆ ಮುಗಿದಿದೆಯೋ! "ಹೌದ್ರಿ, ಮುಗದೈತಿ" ಎಂದು ಫೋನಿಟ್ಟೆ.

ಆಮೇಲೆ ವಾಸನೆಯೂ ಹೋಯಿತು. ಉಪ್ಪಿಟ್ಟು ತಪ್ಪಿಸಿಕೊಳ್ಳುವ ಆಟ ಇದು ಎಂದು ಮನೆಯಾಕಿ ಪರೀಕ್ಷೆಗೆ ಇಳಿದಳು. ಹೊಸ್ತಿಲಾಚೆ ನಿಂತು, ಜೇಡರಬಲೆ ತೆಗೆಯುವ ಕೋಲಿನ ತುದಿಗೆ ಇಂಗಿನ ಪೊಟ್ಟಣ ಕಟ್ಟಿ ನನ್ನ ಮೂಗಿಗೆ ಹಿಡಿದಳು. ಇಲ್ಲ. ಜಜ್ಜಿದ ಬೆಳ್ಳುಳ್ಳಿ. ಇಲ್ಲ. ಸವಣೂರಿನಿಂದ ತಂದ ವೀಳ್ಯದೆಲೆಯನ್ನು ಹಿಚುಕಿ ಹಿಡಿದಳು. ಊರಿಗೇ ಹೆಸರು ತಂದ ಎಲೆ, ನನಗೆ ಮುತ್ತುಗದ ಎಲೆಯೂ ಅದೂ ಒಂದೇ. ಮೊಮ್ಮಗ ಹುರುಪಿನಿಂದ ತನ್ನ ಕ್ರಿಕೆಟ್ ಸಾಕ್ಸು ತಂದುಕೊಟ್ಟ. ಕೋಲು ಹಿಡಿದವಳೇ ಮುಖ ತಿರುವಿದಳು, ನಾನು ಮಿಸುಕಲಿಲ್ಲ.

"ತಡೀರಿ" ಎಂದು ಒಳಗೆ ಹೋಗಿ ಒಣಮೆಣಸಿನಕಾಯಿ ಹುರಿದಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ ಎನ್ನುವವರು ಅದನ್ನು ಹಂಚಿನ ಮೇಲೆ ಕರಕಲು ಮಾಡಿ ನೋಡಬೇಕು. ಮೊದಲು ಅವಳು ಕೆಮ್ಮಿದಳು. ಮೊಮ್ಮಗ ಕೆಮ್ಮಿದ. ಹಿತ್ತಿಲಲ್ಲಿದ್ದ ಸೊಸೆ ಕೆಮ್ಮಿದಳು. ಗೋಡೆಯಾಚೆಯ ಮನೆಯವರು ಸರದಿಯ ಮೇಲೆ ಕೆಮ್ಮಿದರು. ಕಡೆಗೆ ನಾನೂ ಕೆಮ್ಮಿದೆ. "ಘಾಟು ಬಂತೇನ್ರಿ? ನೋಡ್ರಿ, ಮೂಗು ಗಟ್ಟಿ ಐತಿ!" ಎಂದು ಕಣ್ಣೀರು ಒರೆಸಿಕೊಳ್ಳುತ್ತ ಗೆದ್ದ ದನಿಯಲ್ಲಿ ಕೂಗಿದಳು. ಇಡೀ ಓಣಿಗೇ ರೋಗ ಬಂತೆಂದು ಎದುರುಮನೆಯವರು ಧಡಾರನೆ ಕಿಟಕಿ ಹಾಕಿಕೊಂಡರು.

ಡಾಕ್ಟರಿಗೆ ಫೋನು ಮಾಡಿದೆ. ಘಾಟು ಅಂದರೆ ಉರಿ, ವಾಸನೆಯಲ್ಲ, ಅದನ್ನು ಮಿದುಳಿಗೆ ಮುಟ್ಟಿಸುವ ನರವೇ ಬೇರೆ ಎಂದರು. ವೈರಸ್ಸು ಹೆಚ್ಚಾಗಿ ಕೆಡಿಸುವುದು ವಾಸನೆಯ ನರಕೋಶಗಳಿಗೆ ಆಸರೆಯಾಗಿರುವ ಜೀವಕೋಶಗಳನ್ನು. ಅವು ಮತ್ತೆ ಬೆಳೆಯುತ್ತವೆ, ಬಹಳ ಮಂದಿಗೆ ವಾಸನೆ ತಿರುಗಿ ಬರುತ್ತದೆ.

ಈ ವಿದ್ಯೆಯನ್ನೆಲ್ಲ ಕೋಣೆಯಿಂದಲೇ ಅಡುಗೆಮನೆಗೆ ಕೂಗಿ ಹೇಳಿದೆ.

"ಹಂಗಾರ ಉಪ್ಪಿಟ್ಟು ತಿನ್ರಿ," ಎಂದಳು, "ಹ್ಯಾಂಗೂ ಗೊತ್ತಾಗಂಗಿಲ್ಲ."