ನಿತ್ಯಧಾರಿತಾಭರಣ ಸಂರಕ್ಷಣಾ ಮೀಮಾಂಸೆ: ಕೆಲವು ತಾತ್ವಿಕ ನೆಲೆಗಳು

ಪ್ರಸ್ತಾವನೆ

ಸ್ನಾನಕ್ಕೆ ಹೋಗುವಾಗ ತೆಗೆಯದ, ಪಾತ್ರೆ ಉಜ್ಜುವಾಗ ತೆಗೆಯದ, ಮಲಗುವಾಗಲೂ ತೆಗೆಯದ ಚಿನ್ನವನ್ನು ಈ ಪ್ರಬಂಧದುದ್ದಕ್ಕೂ ನಿತ್ಯಧಾರಿತಾಭರಣ ಎಂದು ಕರೆಯಲಾಗುವುದು. ಕರಿಮಣಿ ಸರ, ಓಲೆ, ಮೂಗುತಿ, ಕೈಗೆರಡು ಬಳೆ, ಒಂದು ಉಂಗುರ: ಅಧ್ಯಯನದ ವ್ಯಾಪ್ತಿ ಇಷ್ಟು. ಲಕ್ಷ್ಮೀಹಾರ, ಡಾಬು ಮುಂತಾದವು ಉತ್ಸವಮೂರ್ತಿಗಳು. ಮದುವೆಯ ಸೀಸನ್ನಿನಲ್ಲಿ ಮಾತ್ರ ಲಾಕರಿನಿಂದ ಹೊರಬಂದು ದರ್ಶನ ಕೊಟ್ಟು ಒಳಗೆ ಹೋಗುವುದರಿಂದ ಅವುಗಳ ಗೊಡವೆ ಬೇಡ.

ಈ ಹಿನ್ನೆಲೆಯಲ್ಲಿ ನಿತ್ಯಧಾರಿತಾಭರಣವನ್ನು ದೇಹ, ಲೋಹ ಮತ್ತು ಜಿಡ್ಡುಗಳ ತ್ರಿಕೋನ ಮುಖಾಮುಖಿಯಾಗಿ, ಸಾಂಸ್ಕೃತಿಕ ಯಜಮಾನಿಕೆಯೊಂದಿಗಿನ ನಿರಂತರ ಅನುಸಂಧಾನವಾಗಿ, ಅಸ್ಮಿತೆಯ ಚಹರೆಗಳನ್ನು ಕಟ್ಟುತ್ತಲೇ ಕೆಡಹುವ ಬಹುಮುಖಿ ಪಠ್ಯವಾಗಿ ಗ್ರಹಿಸಬೇಕಾದ ತುರ್ತು ನಮ್ಮ ಮುಂದಿದೆ. ಈ ವಾಕ್ಯದ ಅರ್ಥ ನನಗೂ ಗೊತ್ತಿಲ್ಲ. ಆಭರಣ ಕುರಿತ ವಿಚಾರ ಸಂಕಿರಣವೊಂದರಲ್ಲಿ ಊಟದ ಹೊತ್ತು ಮೀರಿದರೂ ಬಿಡದೆ ಇಂಥವನ್ನೇ ಕೇಳಿಸಿದ ಸಂಪನ್ಮೂಲ ವ್ಯಕ್ತಿಯ ಮೈಮೇಲಿದ್ದ ಲೋಹವೆಂದರೆ ಕನ್ನಡಕದ ಕಟ್ಟು ಮಾತ್ರ.

ಜಿಡ್ಡಿನ ಚತುರ್ವಿಧ ವರ್ಗೀಕರಣ

ಆಭರಣಕ್ಕೆ ಅಂಟುವ ಕಲ್ಮಶ ನಾಲ್ಕು ಬಗೆ. ಒಂದನೆಯದು ಫೇನಜನ್ಯ. ಸೋಪು ಗಡಸು ನೀರಿನ ಸಂಗಡ ಸೇರಿ ಸರದ ಕೊಂಡಿಗಳ ಸಂದಿಯಲ್ಲಿ ಕಟ್ಟಿಕೊಳ್ಳುವ ಬಿಳಿ ಗಸಿ ಇದು. ಬೋರ್‌ವೆಲ್ ನೀರಿನ ಊರುಗಳಲ್ಲಿ ಇದರದೇ ದರ್ಬಾರು.

ಎರಡನೆಯದು ಸ್ನೇಹಜನ್ಯ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕಿವಿಗಿಳಿದು ವಜ್ರದ ಬೆಂಡೋಲೆಯ ಬೆನ್ನು ಹತ್ತುತ್ತದೆ. ವಜ್ರಕ್ಕೆ ಜಿಡ್ಡೆಂದರೆ ಪ್ರಾಣ. ಗಣಿಗಳಲ್ಲಿ ಪುಡಿಮಾಡಿದ ಅದಿರನ್ನು ನೀರಿನೊಡನೆ ಗ್ರೀಸು ಬಳಿದ ಮೇಜಿನ ಮೇಲೆ ಹರಿಸಿ ವಜ್ರ ಆರಿಸುವ ಪದ್ಧತಿಯೇ ಇತ್ತು; ಮಿಕ್ಕ ಕಲ್ಲೆಲ್ಲ ನೆನೆದು ಜಾರಿಹೋದರೆ, ನೀರು ಹತ್ತಿಸಿಕೊಳ್ಳದ ವಜ್ರ ಗ್ರೀಸಿಗೆ ಅಂಟಿ ನಿಲ್ಲುತ್ತಿತ್ತು. ಓಲೆ ಮಂಕಾಯಿತೆಂದು ಎದುರುಮುಖವನ್ನು ಸೆರಗಿನಿಂದ ತಿಕ್ಕಿದರೆ ಪ್ರಯೋಜನವಿಲ್ಲ. ಒಳಹೊಕ್ಕ ಬೆಳಕು ಹಿಂಬದಿಯ ಮುಖಗಳಿಗೆ ಬಡಿದು ಮರಳಿದಾಗ ಕಾಣುವುದೇ ವಜ್ರದ ಹೊಳಪು. ಕೊಳೆ ಕೂತಿರುವುದು ಅಲ್ಲಿ, ಬೆನ್ನಿನಲ್ಲಿ.

ಮೂರನೆಯದು ಹರಿದ್ರಾಜನ್ಯ: ಅರಿಶಿನ, ಕುಂಕುಮ, ಪೌಡರು. ನಾಲ್ಕನೆಯದು ಯಾವುದೆಂದು ಹೊಳೆಯುತ್ತಿಲ್ಲ. ನಾಲ್ಕು ಎಂದರೆ ಶಾಸ್ತ್ರಕ್ಕೊಂದು ಗಾಂಭೀರ್ಯ ಬರುತ್ತದೆಂದು ಹೇಳಿದ್ದಷ್ಟೆ. ಯಾವ ಜನ್ಯವಾದರೂ ಹೋಗುವುದು ಒಂದೇ ಉಪಾಯಕ್ಕೆ. ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು, ಅದಕ್ಕೆ ಎರಡು ಹನಿ ಸೌಮ್ಯವಾದ ಸೋಪು, ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆಯ ಹಳೇ ಟೂತ್‌ಬ್ರಷ್ಷಿನಿಂದ ಹಿಂದೆ ಮುಂದೆ ಉಜ್ಜಿ, ಬೇರೆ ನೀರಲ್ಲಿ ಜಾಲಿಸಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸುವುದು. ಸಿಂಕಿನಲ್ಲಿ ಮಾತ್ರ ಬೇಡ. ಅದರ ತೂತು ಓಲೆಯ ತಿರುಪಿಗೆಂದೇ ಮಾಡಿಸಿದ ಅಳತೆಯಲ್ಲಿರುತ್ತದೆ.

ಮುತ್ತು ಹವಳಗಳಿಗೆ ಈ ಸ್ನಾನವೂ ಬೇಡ. ಎರಡೂ ಸುಣ್ಣದ ಕುಲದವು; ಹುಣಸೆಹುಳಿ, ನಿಂಬೆಹಣ್ಣು ಸೋಕಿದರೆ ಮೈ ಕರಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಳೆಯ ಕೆಂಪಿನ ಓಲೆಗಳಲ್ಲಿ ಕಲ್ಲಿನ ಹಿಂದೆ ಅರಗು ತುಂಬಿರುತ್ತದೆ, ಕೆಲವಕ್ಕೆ ಹೊಳೆಯುವ ತಗಡೂ ಇರುತ್ತದೆ. ಬಿಸಿನೀರಿಗೆ ಅರಗು ಸಡಿಲ, ನೀರಿಳಿದರೆ ತಗಡು ಕಪ್ಪು. ಅಜ್ಜಿಯ ಓಲೆಯನ್ನು ಕುದಿಯುವ ನೀರಿಗೆ ಹಾಕಿ ಎಂದು ಸಲಹೆ ಕೊಡುವವರು ಅಜ್ಜಿಯನ್ನೂ ಕಂಡಿಲ್ಲ, ಓಲೆಯನ್ನೂ ಕಂಡಿಲ್ಲ.

ಸವೆತದ ರಾಜಕಾರಣ

916 ಎಂಬ ಮುದ್ರೆಯ ಚಿನ್ನದಲ್ಲಿ ನೂರಕ್ಕೆ 91.6 ಪಾಲು ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿ ಇತ್ಯಾದಿ. ಮೋಹ್ಸ್ ಅಳತೆಯಲ್ಲಿ ಇಂಥ ಚಿನ್ನದ ಗಡಸುತನ 2.5ರಿಂದ 3, ಗಾಜಿನದು ಸುಮಾರು 5.5. ಚಿನ್ನದ ಬಳೆಗಳ ನಡುವೆ ಹಸಿರು ಗಾಜಿನ ಬಳೆ ತೊಡುವುದು ನಮ್ಮಲ್ಲಿ ಮುತ್ತೈದೆತನದ ಲಕ್ಷಣ. ಹಾಗಾದರೆ ಡಜನ್ನಿನ ಲೆಕ್ಕದಲ್ಲಿ ಮಾರುವ ಗಾಜು, ಗ್ರಾಮಿನ ಲೆಕ್ಕದಲ್ಲಿ ಮಾರುವ ಚಿನ್ನವನ್ನು ಅದೇ ಮಣಿಕಟ್ಟಿನ ಮೇಲೆ ದಿನವಿಡೀ ತಿನ್ನುತ್ತಿದೆ. ಕರಿಮಣಿಗಳೂ ಗಾಜೇ. ಮಣಿ ಪೋಣಿಸಿದ ಚಿನ್ನದ ತಂತಿ ಒಳಗೊಳಗೇ ಸವೆದು ಒಂದು ದಿನ ಬಸ್ಸಿನಲ್ಲಿ ತುಂಡಾಗುತ್ತದೆ. ಇದು ಸಾಲದೆಂದು ಸರಕ್ಕೆ ಎರಡು ಮೂರು ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡಿರುತ್ತೇವೆ. ಸೀರೆಗೊಂದು, ಮಗುವಿನ ಅಂಗಿಗೊಂದು, ಹರಿದ ಬ್ಯಾಗಿಗೊಂದು. ಉಕ್ಕಿನ ಆ ಪಿನ್ನು ಚಿನ್ನವನ್ನು ಗೀರುವುದೆಂದು ತಿಳಿಯಲು ಯಾವ ಮಾಪಕವೂ ಬೇಡ. ಆದರೆ ತೆಗೆಯಿರಿ ಎನ್ನುವ ಪಂಡಿತರು ಸೀರೆ ಉಟ್ಟು ಬಸ್ಸು ಹತ್ತಿ ತೋರಿಸಲಿ.

ಈ ಕ್ಷೇತ್ರದಲ್ಲಿ ಪ್ರಾಚೀನರ ಸಾಕ್ಷ್ಯವೂ ಉಂಟು. ಶಕುಂತಲೆಯ ಉಂಗುರ ಶಚೀತೀರ್ಥದಲ್ಲಿ ಜಾರಿ ಮೀನಿನ ಹೊಟ್ಟೆ ಸೇರಿದ್ದನ್ನು ನಮ್ಮ ಶಾಸ್ತ್ರವು 'ಅಳತೆ ತಪ್ಪಿದ ಉಂಗುರದ ಜಲಸಂಪರ್ಕ' ಎಂಬ ಪ್ರಕರಣವಾಗಿ ದಾಖಲಿಸುತ್ತದೆ. ನೀರಿಗಿಳಿಯುವ ಮುನ್ನ ಉಂಗುರ ತೆಗೆದಿಡಬೇಕು, ಸಡಿಲವಾದರೆ ಅಳತೆ ಇಳಿಸಬೇಕು ಎಂಬುದು ಇದರ ನೀತಿ. ಶಾಪವೋ ಮರೆವೋ, ಕಟ್ಟಿಕೊಂಡವಳನ್ನೇ ಗುರುತಿಸದವನು ಗಂಡ. ಉಂಗುರವನ್ನು ಜೋಪಾನ ಮಾಡಲಿಲ್ಲ ಎಂಬ ಹೊಣೆ ಬಂದದ್ದು ಅವಳಿಗೆ. ಈ ನೆಲೆಯಲ್ಲಿ ಸಂರಕ್ಷಣಾ ಮೀಮಾಂಸೆ ಅಂದಿನಿಂದ ಹೆಚ್ಚು ಮುಂದುವರಿದಿಲ್ಲ.

ಮೆರುಗಿನ ಮೀಮಾಂಸೆ

'ಚಿನ್ನ ಬೆಳ್ಳಿಗೆ ಪಾಲಿಶ್ ಹಾಕ್ತೀವಮ್ಮಾ' ಎಂದು ಬಾಗಿಲಿಗೆ ಬರುವವರ ಕೈಯಲ್ಲಿರುವ ದ್ರವ ಹೈಡ್ರೋಕ್ಲೋರಿಕ್, ನೈಟ್ರಿಕ್ ಆಮ್ಲಗಳ ಮಿಶ್ರಣವಾಗಿದ್ದರೆ ಅದು ಚಿನ್ನವನ್ನೇ ಕರಗಿಸುತ್ತದೆ. ಸರ ಹೊಳೆಯುತ್ತಾ ಮರಳುತ್ತದೆ, ತೂಕ ಅವರ ಪಾತ್ರೆಯಲ್ಲಿ ಉಳಿಯುತ್ತದೆ. ಇವರು ಸಿಕ್ಕಿಬಿದ್ದರೆ ಪೊಲೀಸರು ಹಿಡಿಯುತ್ತಾರೆ. ಹೊಸ ಬಳೆಗೆ ವೇಸ್ಟೇಜ್ ಎಂದು ಶೇಕಡಾವಾರು ಹಾಕಿ, ಅದರ ಮೇಲೆ ಜಿಎಸ್‌ಟಿ ಸೇರಿಸಿ, ಬಿಲ್ಲಿನಲ್ಲೇ ಅಚ್ಚು ಮಾಡಿಸಿ ಕೊಡುವವರು ಮಾತ್ರ ತಂಪು ಪಾನೀಯ ಕೊಟ್ಟು ಕೂರಿಸುತ್ತಾರೆ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಕಟ್ಟಿದ ಊರಿಗೆ ಏಸಿ ಶೋರೂಮಿನ ಬಗ್ಗೆ ಒಂದು ಗಾದೆಯೂ ಹುಟ್ಟಲಿಲ್ಲ.

ಆ ಅಕ್ಕಸಾಲಿಯ ಕಥೆ ಏನಾಯಿತು? 1963ರಲ್ಲಿ ಮೊರಾರ್ಜಿ ದೇಸಾಯಿ ಅರ್ಥಸಚಿವರಾಗಿದ್ದಾಗ 14 ಕ್ಯಾರಟ್ಟಿಗಿಂತ ಮೇಲಿನ ಒಡವೆ ಮಾಡಕೂಡದೆಂಬ ನಿಯಮ ಬಂತು. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರ ಅಗ್ಗಿಷ್ಟಿಕೆ ಆರಿತು, ಜೀವ ಕಳೆದುಕೊಂಡವರೂ ಇದ್ದರು. ನಿಯಮ ಸಡಿಲವಾಯಿತು, ಚಿನ್ನ ನಿಯಂತ್ರಣ ಕಾಯ್ದೆಯೇ 1990ರಲ್ಲಿ ರದ್ದಾಯಿತು. ಆಮೇಲೆ ಬಂದ ಶೋರೂಮುಗಳ ಭರಾಟೆಯಲ್ಲಿ ಬೀದಿಯ ಅಕ್ಕಸಾಲಿ ಪೂರ್ತಿ ಮೂಲೆಗೆ ಸರಿದ. ಸವೆದ ಕೊಂಡಿಯನ್ನು ಉಗುರಲ್ಲಿ ಮೀಟಿ, 'ಇದು ಇನ್ನೊಂದು ಹಬ್ಬ ಕಾಣಲ್ಲ ಕಣಮ್ಮ, ಬಿಚ್ಚಿಕೊಡು' ಎಂದು ಊದುಗೊಳವೆ ಹಿಡಿಯುತ್ತಿದ್ದ ಆಚಾರಿ ಎಲ್ಲಿ? ಈಗ ಅದೇ ಸರ ಒಯ್ದರೆ ಕೌಂಟರಿನ ಹುಡುಗ, 'ರಿಪೇರಿ ಮಾಡಲ್ಲ ಮೇಡಂ, ಎಕ್ಸ್‌ಚೇಂಜ್ ಮಾಡ್ಕೊಳ್ಳಿ' ಎನ್ನುತ್ತಾನೆ. ಒಂದು ಬೆಸುಗೆಯ ಕೆಲಸಕ್ಕೆ ಇಡೀ ಸರ ಕರಗಬೇಕು, ಮತ್ತೆ ವೇಸ್ಟೇಜ್ ಕಟ್ಟಬೇಕು. ನಿತ್ಯ ತೊಡುವ ಒಡವೆಗೆ ನಿಜವಾಗಿ ಬೇಕಾದ ಆರೈಕೆ ಅದೊಂದು ಬೆಸುಗೆಯಾಗಿತ್ತು. ಅದು ಹೋಗಿ ನಮಗೆ ಸಿಕ್ಕಿರುವುದು ಸಲಹೆಗಳು.

ಧಾರಣ–ಅಡವು ದ್ವಂದ್ವ

ಕೊನೆಯದಾಗಿ, ಅತ್ಯುತ್ತಮ ಸಂರಕ್ಷಣಾ ತಾಣದ ಪ್ರಶ್ನೆ. ಸೋಪಿಲ್ಲ, ಎಣ್ಣೆಯಿಲ್ಲ, ಗಾಜಿನ ಬಳೆಯಿಲ್ಲ, ಸರಗಳ್ಳರಿಲ್ಲ: ಅದು ಚಿನ್ನದ ಸಾಲ ಕೊಡುವವರ ತಿಜೋರಿ. 2020ರ ಆಗಸ್ಟಿನಲ್ಲಿ, ಕೊರೊನಾ ಕಾಲದಲ್ಲಿ, ರಿಸರ್ವ್ ಬ್ಯಾಂಕು ಒಡವೆಯ ಬೆಲೆಯ ಶೇ. 75ರ ಬದಲು 90ರವರೆಗೆ ಸಾಲ ಕೊಡಬಹುದೆಂದು ಬ್ಯಾಂಕುಗಳಿಗೆ ಕೆಲಕಾಲ ಸಡಿಲಿಕೆ ಕೊಟ್ಟಿತು. ಎಷ್ಟು ಕತ್ತುಗಳು ಬರಿದಾದವೆಂದು ಸಂಕಿರಣದಲ್ಲಿ ಯಾರೂ ಕೇಳಲಿಲ್ಲ. ಸ್ತ್ರೀಧನ ಅವಳ ಸ್ವಂತ ಸೊತ್ತು, ಗಂಡನ ಮನೆಯವರು ಕೇವಲ ಕಾಪಿಡುವವರು ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಬೋರು ಕೊರೆಸಲು, ಮಗನ ಫೀಸಿಗೆ, ನಾದಿನಿಯ ಮದುವೆಗೆ ಬಳೆ ಬಿಚ್ಚಿಕೊಡುವಾಗ ಆ ತೀರ್ಪನ್ನು ಓದಿ ಹೇಳುವವರು ಮನೆಯಲ್ಲಿರುವುದಿಲ್ಲ. ಇಷ್ಟು ವರ್ಷ ಉಜ್ಜಿದವಳು ಅವಳು. ಚೀಟಿಯಲ್ಲಿ ಬರೆಯುವುದು ಅವನ ಹೆಸರು.

ಆದ್ದರಿಂದ ಅಡವಿಡುವವರಿಗೆ ಶಾಸ್ತ್ರದ ಸೂಚನೆ: ಕಲ್ಲಿನ ತೂಕ ಕಳೆದ ನಿವ್ವಳ ತೂಕ ಎಷ್ಟೆಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಒಡವೆಯ ಫೋಟೋ ತೆಗೆದಿಡಿ, ಬಿಡಿಸುವ ದಿನ ನಿಮ್ಮೆದುರೇ ಮತ್ತೆ ತೂಗಿಸಿ. ತಾಳಿಯೂ ಹೋದ ಮನೆಗಳಲ್ಲಿ ಹೆಂಗಸರು ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಅದೂ ನಿತ್ಯಧಾರಿತಾಭರಣವೇ. ಹಾಲ್‌ಮಾರ್ಕ್ ಬೇಡ, ವೇಸ್ಟೇಜ್ ಇಲ್ಲ, ಕಳ್ಳರು ಮುಟ್ಟುವುದಿಲ್ಲ. ಸ್ನಾನವಾದ ಮೇಲೆ ಒರೆಸಿ ಒಣಗಿಸದಿದ್ದರೆ ಬೂಸ್ಟು ಬರುತ್ತದೆ; ದಾರ ಕೊಳೆಯಾದಾಗ ಬದಲಿಸಬೇಕು. ಇದರ ಆರೈಕೆಯ ಬಗ್ಗೆ ಯಾವ ಶೋರೂಮೂ ಇನ್ನೂ ಕರಪತ್ರ ಹಂಚಿಲ್ಲ.