ಬೆಕ್ಕಿನ ಮೇಲೊಂದು ಠರಾವು

ಪಂಚಮಿಯ ಹಿಂದಿನ ದಿನ ಅವ್ವ ಶೇಂಗಾದುಂಡಿ ಕಟ್ಟುತ್ತ ಕೂತಿದ್ದಳು. ಮಾಳಿಗೆಯ ಬೆಳಕಿಂಡಿಗೆ ಮುಚ್ಚಿದ್ದ ಪ್ಲಾಸ್ಟಿಕ್ ಹಾಳೆ ಪರಪರ ಅಂದಿತು. ಅಲ್ಲಿಂದ ಜೋಳದ ಚೀಲದ ಮೇಲೆ, ಚೀಲದಿಂದ ನೆಲಕ್ಕೆ ಒಂದು ಬೆಕ್ಕು ಇಳಿಯಿತು. ಕಳ್ಳಬೆಕ್ಕಾದರೆ ಗೋಡೆ ಹಿಡಿದು ಓಡಬೇಕು. ಇದು ಲಗ್ನಕ್ಕೆ ಕರೆಯಲು ಬಂದ ಬೀಗರ ಹಾಗೆ ಅಡುಗೆಮನೆಯ ನಡುವೆ ನಿಂತು, ಉಂಡಿಯ ಪರಾತ ಮೂಸಿ, ಮುಖ ಸಿಂಡರಿಸಿ, ಒಲೆ ಮಗ್ಗುಲಿಗೆ ಕೂತು ಮೈ ನೆಕ್ಕತೊಡಗಿತು. ಅವ್ವ "ಇಶ್ಶ್" ಅಂದಳು. ಅದು ಕಣ್ಣು ಮುಚ್ಚಿತು. ಆ ಬೆಳಕಿಂಡಿಯ ಗಾಜು ಒಡೆದು ಎರಡು ವರ್ಷವಾಗಿತ್ತು. ಅದನ್ನು ಹಾಕಿಸುವ ಕೆಲಸ ಯಾರ ಪಾಲಿಗಿತ್ತು ಎಂಬ ಚರ್ಚೆ ಇಲ್ಲಿ ಬೇಡ.

ಮರುದಿನವೂ ಬಂತು. ಅದರ ಮರುದಿನವೂ. ನಾಲ್ಕನೆಯ ದಿನ ನನ್ನ ತಮ್ಮ ಎದ್ದು ನಿಂತು, "ಅಣ್ಣಾ, ಇದರ ಬಗ್ಗೆ ಒಂದ ಠರಾವ ಆಗಬೇಕ ನೋಡು" ಅಂದ.

ಠರಾವು ಎಂಬ ಮಾತು ನಮ್ಮ ನಾಲಿಗೆಗೆ ಸಲೀಸಾಗಿ ಬರುತ್ತದೆ. ನಮ್ಮದು ನಾಗಾವಿ. ನಾಗಾವಿ ಅಂದಕೂಡಲೆ ಇತಿಹಾಸ ಬಲ್ಲವರು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆ ಹೊರಳುತ್ತಾರೆ. ಆ ನಾಗಾವಿ ಬೇರೆ. ಅಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು, ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು ಎಂದು 1058ರ ಶಾಸನವೇ ಹೇಳುತ್ತದೆ. ತಾಳೆಗರಿ ಇದ್ದಲ್ಲಿ ಇಲಿ ಇರಲೇಬೇಕು, ಇಲಿ ಇದ್ದಲ್ಲಿ ಬೆಕ್ಕು. ಆ ಏಳನೆಯ ಭಂಡಾರಿಗನ ಹೆಸರನ್ನು ಮಾತ್ರ ಶಾಸನ ಕೆತ್ತಿದವರು ಕೈಬಿಟ್ಟಿದ್ದಾರೆ. ನಮ್ಮ ನಾಗಾವಿ ಗದಗಿನ ಮಗ್ಗುಲಿನದು. ನಮಗೂ ವಿಶ್ವವಿದ್ಯಾಲಯವಿದೆ. 2016ರಲ್ಲಿ ಹುಟ್ಟಿದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಅದರ ಆವರಣದಲ್ಲಿ ಸಾಬರಮತಿ ಆಶ್ರಮದ ಪ್ರತಿರೂಪವನ್ನೂ ಕಟ್ಟಿದ್ದಾರೆ. ಇಂಥ ಊರಲ್ಲಿದ್ದು, ಒಂದು ಬೆಕ್ಕಿನ ವಿಷಯವನ್ನು ಸಭೆ ಸೇರಿಸದೆ ಇತ್ಯರ್ಥ ಮಾಡಿದರೆ ಊರಿಗೇ ಅವಮಾನ.

ಮೊದಲ ಸಭೆಗೆ ನಾನು ಅಧ್ಯಕ್ಷ. ಮನೆಯಲ್ಲಿ ಅಧ್ಯಕ್ಷ ಅಂದರೆ ಏನೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಿಲ್ಲ. ಓಡಿಸಬೇಕು ಎಂದು ತಮ್ಮ ಸೂಚಿಸಿದ. ಅನುಮೋದಿಸುವವರು ಯಾರೆಂದು ನಾನು ಅತ್ತಿತ್ತ ನೋಡುವಷ್ಟರಲ್ಲಿ ನನ್ನ ಹೆಂಡತಿ ತಕರಾರು ಎತ್ತಿದಳು.

"ಹುಲಿ ನೋಡಾಕ ರೊಕ್ಕಾ ಕೊಟ್ಟು ಬಿಂಕದಕಟ್ಟಿಗೆ ಹೋಗ್ತೀರಿ. ಹುಲಿ ಚಿಗವ್ವ ತಾನಽ ಮನಿಗೆ ಬಂದ್ರ ಇಶ್ಶ್ ಅಂತೀರಿ. ಇದ್ಯಾವ ನ್ಯಾಯರೀ?"

ಇವಳ ತವರು ಲಕ್ಷ್ಮೇಶ್ವರ. ಅಂದರೆ ಹಳೆಯ ಪುಲಿಗೆರೆ, ಹೆಸರಿನಲ್ಲೇ ಹುಲಿ. ಪಂಪ ತನ್ನ ವಿಕ್ರಮಾರ್ಜುನ ವಿಜಯಕ್ಕೆ ಪುಲಿಗೆರೆಯ ಕನ್ನಡದ ತಿರುಳನ್ನೇ ಆರಿಸಿಕೊಂಡದ್ದು 10ನೆಯ ಶತಮಾನದ ಮಾತು. ಸಾವಿರ ವರ್ಷದಿಂದ ಒಳ್ಳೆಯ ಕನ್ನಡ ಅನ್ನಿಸಿಕೊಂಡು ಬಂದ ಊರಿನ ಹೆಣ್ಣಿನ ಜೊತೆ ಮಾತಿಗೆ ಮಾತು ಕೊಟ್ಟು ಗೆದ್ದ ಅಳಿಯಂದಿರು ಯಾರಾದರೂ ಇದ್ದರೆ ಒಮ್ಮೆ ನಾಗಾವಿಗೆ ಬನ್ನಿ, ಸನ್ಮಾನ ಇಟ್ಟುಕೊಳ್ಳೋಣ. ಅವಳು ಇನ್ನೊಂದು ಮಾತನ್ನೂ ಸೇರಿಸಿದಳು: "ಬ್ಯಾಡಾಗಿದ್ರ ಆ ಗಾಜು ಹಾಕಸ್ರಿ, ತಾನಽ ಬರೂದ ನಿಂದ್ರತೈತಿ." ಸಭೆಯನ್ನು ತಕ್ಷಣ ಮುಂದೂಡಲಾಯಿತು.

ಅವ್ವನ ನಿಲುವು ಮಾತ್ರ ದಿನಕ್ಕೊಂದು. ಅವಳಿಗೆ ಬೆಕ್ಕು ಅಂದರೆ ಮೊದಲು ನೆನಪಾಗುವುದು ನೆಲುವು. ತೊಲೆಯಿಂದ ಇಳಿಬಿಟ್ಟ ಹಗ್ಗದ ನೆಲುವಿನಲ್ಲಿ ಹಾಲಿನ ಗಡಿಗೆ, ಅದರ ಮೇಲೆ ಮೊಸರಿನದು, ಅದರ ಮೇಲೆ ಬೆಣ್ಣೆಯದು. ಅಷ್ಟು ಎತ್ತರಕ್ಕೆ ಕಟ್ಟಿದ್ದು ಬೆಕ್ಕಿನ ಸಲುವಾಗಿ ಎಂದು ಅವಳ ಅತ್ತೆ ಹೇಳುತ್ತಿದ್ದಳಂತೆ. ಸೊಸೆಯ ಸಲುವಾಗಿ ಎಂದು ಅವ್ವನಿಗೆ ಇಂದಿಗೂ ಗುಮಾನಿ. ಫ್ರಿಜ್ಜು ಬಂದ ಮೇಲೆ ನೆಲುವು ಹೋಯಿತು, ಗುಮಾನಿ ಉಳಿಯಿತು. ಹೀಗಾಗಿ ಹಾಲಿನ ವಿಷಯದಲ್ಲಿ ಅವಳಿಗೆ ಬೆಕ್ಕಿನ ಮೇಲೆ ಸಿಟ್ಟೂ ಇದೆ, ಒಳಗೊಳಗೇ ಒಂದು ಅನುಕಂಪವೂ ಇದೆ. ಸಿಟ್ಟು ಬೆಳಿಗ್ಗೆ ಜೋರು, ಅನುಕಂಪ ಸಂಜೆ ಹಾಲು ಕಾಸುವ ಹೊತ್ತಿಗೆ.

ಶ್ರಾವಣದ ಎರಡನೆಯ ಸೋಮವಾರ ಅವ್ವ ಈಬತ್ತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ಕಣ್ಣು ತೆರೆದರೆ, ಎದುರಿಗೆ ಒಂದು ಸತ್ತ ಇಲಿ. ಅದರಾಚೆ ಬೆಕ್ಕು, ಕಾಣಿಕೆ ಒಪ್ಪಿಸಿ ಪ್ರಸಾದಕ್ಕೆ ಕಾಯುವ ಭಕ್ತನ ಹಾಗೆ ಕೂತಿತ್ತು. ಆ ಹೊತ್ತು ಮನೆಯಲ್ಲಿ ಎದ್ದ ಗದ್ದಲ ಗುಡ್ಡದವರೆಗೆ ಕೇಳಿರಬೇಕು. ತಮ್ಮನಿಗೆ ಇದೇ ಸುಸಂಧಿ ಅನ್ನಿಸಿತು. "ಇವತ್ತಽ ಇದನ್ನ ಬೆಟಗೇರಿಗೆ ಬಿಟ್ಟ ಬರ್ತೀನಿ" ಎಂದು ಚೀಲ ಹುಡುಕಿದ.

"ನೋಡಪಾ, ಅದಕ ಏನರ ಆತಂದ್ರ ಬಂಗಾರದ ಬೆಕ್ಕ ಮಾಡಿಸಿ ದಾನಾ ಕೊಡಬೇಕಾಗತೈತಿ" ಎಂದು ಅವ್ವ ಒಳಗಿನಿಂದಲೇ ಎಚ್ಚರಿಸಿದಳು. ಹತ್ತು ಗ್ರಾಮ್ ಚಿನ್ನ ಲಕ್ಷದ ಗೆರೆ ಮುಟ್ಟಿದ್ದ ದಿನಗಳು ಅವು. ಬಾಲದ ತುದಿ ಮಾಡಿಸುವಷ್ಟರಲ್ಲಿ ಎರಡು ಎಕರೆ ಹೊಲ ಹೋಗುತ್ತಿತ್ತು.

ತಮ್ಮ ಹೋದ. ಕೈಗೆ ಸಿಕ್ಕಿದ್ದು ಒಣಮೆಣಸಿನಕಾಯಿ ತುಂಬಿಟ್ಟು ಖಾಲಿಯಾಗಿದ್ದ ಚೀಲ. ಬೈಕಿನ ಮುಂದೆ ಚೀಲ ಸೀನುತ್ತಿತ್ತು, ಹಿಂದೆ ತಮ್ಮ ಸೀನುತ್ತಿದ್ದ. ಬೆಟಗೇರಿಯ ಮಗ್ಗದ ಓಣಿಯೊಂದರಲ್ಲಿ ಗಾಡಿ ನಿಲ್ಲಿಸಿದ್ದೇ ತಡ, ಚೀಲದೊಳಗಿನ ದನಿ ಥೇಟ್ ಕೂಸು ಅತ್ತ ಹಾಗೆ ಕೇಳಿತು. ಕಟ್ಟೆಯ ಮೇಲಿನ ಅಜ್ಜಿ ಎದ್ದು ಬಂದಳು. "ಏನೋ ಯಪ್ಪಾ ಚೀಲದಾಗ? ಕೂಸ ಐತೇನ?" ಮಗ್ಗದ ಸಪ್ಪಳ ಒಂದೊಂದಾಗಿ ನಿಂತಿತು. ಹತ್ತು ನಿಮಿಷದಲ್ಲಿ ನಮ್ಮ ತಮ್ಮನ ಸುತ್ತ ಒಂದು ಗ್ರಾಮಸಭೆ. ಮಾನ ಉಳಿಸಿಕೊಳ್ಳಲು ಆತ ಚೀಲದ ಬಾಯಿ ಬಿಚ್ಚಿದ. ಬೆಕ್ಕು ಹೊರಬಂದು, ಸೇರಿದ ಜನರನ್ನೆಲ್ಲ ಒಂದು ಸುತ್ತು ನೋಡಿ, ಮತ್ತೊಮ್ಮೆ ಸೀನಿ, ಬೈಕಿನ ಟಾಕಿಯ ಮೇಲೆ ಕೂತಿತು. "ಎಷ್ಟ ಹಚ್ಚಿಕೊಂಡೈತಿ ನೋಡವಾ!" ಅಂತ ಅಜ್ಜಿ ಲಟಿಕೆ ಮುರಿದಳಂತೆ. ಅಂಥ ಮಾತು ಕೇಳಿಯೂ ಬಿಟ್ಟುಬರುವುದು ಹೇಗೆ? ದಾರಿಯಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದು ದುಃಖ ಮರೆತು ಇಬ್ಬರೂ ಮನೆಗೆ ಬಂದರು.

ಹೀಗೆ ಪ್ರಾಣಿಯನ್ನು ಹಸಿವು-ನೀರಡಿಕೆಗೆ ದೂಡಿ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು. ತಮ್ಮ ಗಿರ್ಮಿಟ್ಟು-ಮಿರ್ಚಿಗೆ ಕೊಟ್ಟದ್ದು ಅರವತ್ತು. ಕಾನೂನು ಪಾಲಿಸುವುದು ನಮ್ಮ ದೇಶದಲ್ಲಿ ಎಷ್ಟು ತುಟ್ಟಿ ನೋಡಿ.

ಇಷ್ಟಾದ ಮೇಲೆ ಬೆಕ್ಕಿಗೆ ಪೈಲ್ವಾನ ಎಂದು ಹೆಸರಿಟ್ಟವನೂ ತಮ್ಮನೇ. ಶ್ರಾವಣದ ಮೊದಲ ವಾರ ರಾತ್ರಿಯೆಲ್ಲ ಮಾಳಿಗೆಯ ಮೇಲೆ ನಡೆದ ಕುಸ್ತಿಯ ಸಪ್ಪಳವನ್ನು ಅವನೇ ಕಿವಿಯಾರೆ ಕೇಳಿದ್ದ. "ಊರಾಗಿನ ಗಂಡ ಬೆಕ್ಕ ಎಲ್ಲಾ ಇವನ ಕೂಡ ಕುಸ್ತಿಗೆ ಬಂದಿದ್ದು. ಒಬ್ಬೊಬ್ಬರನ್ನ ಹ್ಯಾಂಗ ಒದರ್ಸಿದಾ!" ಎಂದು ಎದೆ ಉಬ್ಬಿಸಿದ್ದ.

ಇದು ಯಾರ ಮನೆಯ ಬೆಕ್ಕು ಎಂದು ಪತ್ತೆ ಮಾಡುವ ಉಪಾಯ ನನ್ನ ಮಗನದು. ಕೊರಳಿಗೆ ಸಡಿಲಾಗಿ ಒಂದು ಕೆಂಪುದಾರ ಕಟ್ಟಿ ಬಿಟ್ಟ. ಯಾರಾದರೂ ಬಿಚ್ಚಿದರೆ ಅವರ ಬೆಕ್ಕು ಅಂತ ತಿಳಿಯಬೇಕು. ಯಾರೂ ಬಿಚ್ಚಲಿಲ್ಲ. ಮರುದಿನ ಅದರ ಜೊತೆಗೆ ದೃಷ್ಟಿಯ ಕರಿದಾರವೂ ಇತ್ತು. ಮೂರನೆಯ ದಿನ ಬೆಳಕಿಂಡಿಯಲ್ಲಿ ಝಣ್ ಅಂದಿತು. ಕೊರಳಲ್ಲಿ ಗಂಟೆ! ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ತಲೆತಲಾಂತರದಿಂದ ಕೇಳುತ್ತ ಬಂದ ಪ್ರಶ್ನೆಗೆ ನಾಗಾವಿಯಲ್ಲಿ ಯಾರೋ ಒಂದೇ ರಾತ್ರಿಯಲ್ಲಿ, ಸಭೆ ಕರೆಯದೆ, ಟೆಂಡರು ಕರೆಯದೆ ಉತ್ತರ ಕೊಟ್ಟುಬಿಟ್ಟಿದ್ದರು. ವಿಚಾರಿಸಿದರೆ ಹಿಂದಿನ ಓಣಿಯಲ್ಲಿ ಅದಕ್ಕೆ ಚಿನ್ನವ್ವ ಎಂದು ಹೆಸರಂತೆ, ಹಿಟ್ಟಿನ ಗಿರಣಿಯ ಕಡೆ ಸಾಹೇಬನಂತೆ. ಕಂತಿಭಿಕ್ಷೆಗೆ ಹೊರಟವರ ಶಿಸ್ತಿನಲ್ಲಿ ಮನೆಮನೆ ಮುಗಿಸಿ ನಮ್ಮಲ್ಲಿಗೆ ಬರುತ್ತಿತ್ತು. ಗಂಟೆ ಬಂದ ಮೇಲೆ ಇಲಿಗಳು ಹುಷಾರಾದವು. ಹೆಸರುಕಾಳಿನ ಚೀಲಕ್ಕೆ ತೂತು ಬಿತ್ತು. ಪೂಜೆಯ ಎದುರು ಇಲಿ ಕಂಡು ಊರು ಕೂಡಿಸಿದ್ದ ಅವ್ವನೇ ಕತ್ತರಿ ತಂದು ಗಂಟೆ ಕಳಚಿದಳು.

ಗಣಪತಿ ಹಬ್ಬಕ್ಕೆ ನನ್ನ ತಂಗಿಯ ಮಗಳು ಬಂದಳು. ಆಕೆ ಓದುತ್ತಿರುವುದು ಪಶುವೈದ್ಯಕೀಯ. ಬಂದವಳೇ ಪೈಲ್ವಾನನನ್ನು ನೋಡಿ ನಕ್ಕಳು.

"ಮಾಮಾ, ಇದರ ಬಣ್ಣಾ ಎಣಿಸ್ರಿ."

ಬಿಳಿ, ಕಪ್ಪು, ಕಿತ್ತಳೆ.

"ಮೂರು ಬಣ್ಣದ ಬೆಕ್ಕ ಹೆಚ್ಚುಕಡಿಮಿ ಎಲ್ಲಾ ಹೆಣ್ಣಽ." ಕಪ್ಪು ಅಥವಾ ಕಿತ್ತಳೆ ಎಂದು ಹೇಳುವ ಗುಣ ಎಕ್ಸ್ ವರ್ಣತಂತುವಿನ ಮೇಲೆ ಕೂತಿರುತ್ತದಂತೆ. ಗಂಡಿಗೆ ಎಕ್ಸ್ ಒಂದೇ, ಆದ್ದರಿಂದ ಎರಡರಲ್ಲಿ ಒಂದೇ ಬಣ್ಣ. ಎರಡೂ ಬಣ್ಣ ಹೊರಬೇಕಾದರೆ ಎರಡು ಎಕ್ಸ್ ಬೇಕು. ಗಂಡು ಹುಟ್ಟುವುದು ಅಪರೂಪದಲ್ಲಿ ಅಪರೂಪ. ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಮಾಳಿಗೆಯ ಮೇಲಿನ ಕುಸ್ತಿಗೆ ಈಗ ಬೇರೆಯೇ ಅರ್ಥ ಹೊಳೆದು, ಆ ಪ್ರಸಂಗವನ್ನು ಮಕ್ಕಳ ಮುಂದೆ ವರ್ಣಿಸುವುದನ್ನು ಬಿಟ್ಟ.

ಅವಳ ಎರಡನೆಯ ಬಾಂಬು ಹಾಲಿನದು. ಬೆಳೆದ ಬೆಕ್ಕುಗಳಲ್ಲಿ ಎಷ್ಟಕ್ಕೋ ಹಾಲಿನ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ, ನೀರಿಟ್ಟರೆ ಸಾಕು. "ನಮ್ಮ ಮುತ್ಯಾನ ಕಾಲದಿಂದ ಕುಡದಾವಲ್ಲವಾ" ಎಂದು ಅವ್ವ ವಾದ ಹೂಡಿದಳು. ನನಗೆ ತೆನಾಲಿ ರಾಮಕೃಷ್ಣ ನೆನಪಾದ. ಅರಸ ಕೊಟ್ಟ ಬೆಕ್ಕಿಗೆ ಅವನು ಮೊದಲ ದಿನವೇ ಸುಡುಸುಡು ಹಾಲಿಟ್ಟ, ಮುಂದೆ ಅದು ಹಾಲು ಕಂಡರೆ ಓಡುತ್ತಿತ್ತು. ನಾವೆಲ್ಲ ಅವನ ಜಾಣತನಕ್ಕೆ ನಗುತ್ತ ಬೆಳೆದೆವು. ನನ್ನ ಸೊಸೆಯ ಲೆಕ್ಕದಲ್ಲಿ ಅಷ್ಟೂ ಬೆಕ್ಕುಗಳೊಳಗೆ ಆರೋಗ್ಯವಾಗಿದ್ದದ್ದು ಅದೊಂದೇ.

ಹಾಲೂ ಬೇಡ ಅಂದರೆ ಏನು ಹಾಕುವುದು? ಆಕೆ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಮೇಲೆ ಮೀನಿನ ಚಿತ್ರ. ನಮ್ಮ ಮನೆಯ ಹೊಸ್ತಿಲು ದಾಟಿ ಮೀನು, ಚಿತ್ರದಲ್ಲಾದರೂ, ಒಳಗೆ ಬಂದದ್ದು ಅದೇ ಮೊದಲು. ಟೌರಿನ್ ಎಂಬ ಸತ್ವ ಬೆಕ್ಕಿಗೆ ಬೇಕೇಬೇಕು, ಅದು ಸಿಗುವುದು ಮಾಂಸದಲ್ಲಿ, ಇಲ್ಲದಿದ್ದರೆ ಕಣ್ಣು ಹೋಗುತ್ತದೆ, ಗುಂಡಿಗೆ ಸೊರಗುತ್ತದೆ ಎಂದು ಆಕೆ ಆಯಿಗೆ ಪಾಠ ಹೇಳಿದಳು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಆಮೇಲೆ ತೀರ್ಪು ಕೊಟ್ಟಳು:

"ಹೊರಗ ಏನರ ತಿನ್ನಲಿ. ಒಳಗ ಬರೂವಾಗ ಬಾಯಿ ತೊಳಕೊಂಡ ಬರಲಿ."

ನಮ್ಮ ಓಣಿಯ ಎಷ್ಟೋ ಗಂಡಸರಿಗೆ ಮದುವೆಯ ವರ್ಷದಿಂದಲೂ ಇದೇ ಕರಾರು. ಬೆಕ್ಕು ಅವರಿಗಿಂತ ನಿಯತ್ತಿನದು. ಹಿತ್ತಲಲ್ಲಿ ತಿಂದು, ಮುಂಗಾಲಿನಿಂದ ಬಾಯೊರೆಸಿಕೊಂಡು, ಮತ್ತೆ ಎರಡು ಸಲ ನೆಕ್ಕಿಕೊಂಡೇ ಒಳಗೆ ಬರುತ್ತಿತ್ತು.

ಮಗ ಒಂದು ದಿನ ಬಾಲ ಎಳೆದು ಪರಚಿಸಿಕೊಂಡ. ಪರಚಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಆಮೇಲೆ ಹುಚ್ಚುನಾಯಿ ರೋಗದ ಚುಚ್ಚುಮದ್ದು. ಚುಚ್ಚುಮದ್ದಿನ ತಾರೀಖುಗಳನ್ನು ಹೆಂಡತಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಒಂದೂ ತಪ್ಪದಂತೆ ಕೊಡಿಸಿದಳು. ಕಷ್ಟವಾದದ್ದು ಹದಿನೈದು ನಿಮಿಷದ ನೀರು. ಗದಗಿನ ಸೀಮೆಯಲ್ಲಿ ನಳ ಅಷ್ಟು ಹೊತ್ತು ಹರಿಯಬೇಕೆಂದರೆ ಅದು ವೈದ್ಯರ ಸಲಹೆಗೆ ಆಗುವ ಕೆಲಸವಲ್ಲ, ದೇವರ ವರ ಬೇಕು. ಕೊಡ ಬಗ್ಗಿಸಿ ಬಗ್ಗಿಸಿ ನನ್ನ ರಟ್ಟೆ ಸೋತವು.

ನಾಲ್ಕನೆಯ ಸಭೆಯಲ್ಲಿ ಕೊನೆಗೂ ಒಂದು ಠರಾವು ಪಾಸಾಯಿತು. ದಸರೆಯ ಸೂಟಿಯಲ್ಲಿ ಸೊಸೆ ಬಂದಾಗ ಬೆಕ್ಕಿಗೆ ಮಕ್ಕಳಾಗದ ಆಪರೇಷನ್ ಮಾಡಿಸುವುದು, ಲಸಿಕೆ ಹಾಕಿಸುವುದು, ಖರ್ಚನ್ನು ಚಿನ್ನವ್ವನ ಮನೆಯವರು, ಸಾಹೇಬನ ಮನೆಯವರು, ನಾವು ಸಮ ಹಂಚಿಕೊಳ್ಳುವುದು. ಮೂರೂ ಮನೆಯವರು ಹೂಂ ಅಂದರು. ನಡಾವಳಿ ಬರೆದು ಸಹಿ ಮಾಡುವಾಗ ನನಗೇ ಹೆಮ್ಮೆಯಾಯಿತು. ಇಂಥ ಒಮ್ಮತದ ಠರಾವುಗಳು ಮುಂದೆ ಏನಾಗುತ್ತವೆ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ಮಹಾಲಯದ ಹೊತ್ತಿಗೆ ಬೆಕ್ಕು ಮೈದುಂಬಿತು. "ನನ್ನ ಕೈಗುಣ" ಎಂದು ಅವ್ವ ಬೀಗಿದಳು. ಬೆಕ್ಕು ಗಬ್ಬ ಹೊರುವುದು ಅರವತ್ಮೂರರಿಂದ ಅರವತ್ತೈದು ದಿನ. 2025ರ ಪಂಚಮಿ ಜುಲೈ 29ಕ್ಕೆ, ಬನ್ನಿ ಅಕ್ಟೋಬರ್ 2ಕ್ಕೆ. ನಡುವೆ ಎಷ್ಟು ದಿನ ಎಂದು ನೀವೇ ಬೆರಳು ಮಡಚಿ ನೋಡಿ. ನಾವು ನಾಲ್ಕು ಸಭೆ ನಡೆಸಿದಷ್ಟೂ ದಿನ ಅದು ತನ್ನ ಕೆಲಸ ನಡೆಸಿತ್ತು.

ಬನ್ನಿಯ ದಿನ ಸಂಜೆ ಜನ ಬನ್ನಿ ಕೊಡಲು ಬರತೊಡಗಿದ್ದರು. ರೊಟ್ಟಿ ಬುಟ್ಟಿ ತರಲು ಒಳಗೆ ಹೋದ ಮಗ ಅಲ್ಲೇ ನಿಂತು ಕೂಗಿದ. ಬುಟ್ಟಿಯೊಳಗೆ, ಅವ್ವನ ಹಳೆಯ ಇಳಕಲ್ ಸೀರೆಯ ಮೇಲೆ, ಮೂರು ಮರಿ. ಒಂದು ಕರಿ, ಒಂದು ಮಚ್ಚೆಯದು, ಇನ್ನೊಂದು ತುದಿಯಿಂದ ತುದಿಗೆ ಕಿತ್ತಳೆ. ಆ ಸೀರೆ ಬುಟ್ಟಿಗೆ ತಾನಾಗಿ ನಡೆದು ಹೋಗಿರಲಾರದು. ಅವ್ವ ನನ್ನ ಮುಖ ನೋಡಲಿಲ್ಲ.

"ಅವ್ವಾ, ತಗೋ, ಬಂಗಾರದ ಬೆಕ್ಕ!" ಅಂದ ತಮ್ಮ, ಕಿತ್ತಳೆ ಮರಿಯ ಕಡೆ ಬೆರಳು ಮಾಡಿ.

ಚಿನ್ನವ್ವನ ಮನೆಯವರು ಬಂದರು. ಸಾಹೇಬನ ಮನೆಯವರೂ ಬಂದರು. ಬನ್ನಿ ಕೈಯಲ್ಲೇ ಉಳಿಯಿತು, ಎಲ್ಲರೂ ಬುಟ್ಟಿಯ ಸುತ್ತ ಬಗ್ಗಿದರು. ಹೇಗೂ ಎಲ್ಲರೂ ಸೇರಿದ್ದಾರೆ, ಮರಿಗಳ ಬಗ್ಗೆ ಐದನೆಯ ಸಭೆ ಈಗಲೇ ಕರೆದುಬಿಡೋಣ ಎಂದು ನಾನು ಗಂಟಲು ಸರಿಮಾಡಿಕೊಂಡೆ.

"ಸಭಿ ಗಿಬಿ ಎಲ್ಲಾ ಅಂಗಳದಾಗ ಇಟ್ಟಕೋ ಹೋಗಪಾ" ಅಂದಳು ಅವ್ವ, ಅಡುಗೆಮನೆಯ ದೀಪ ಆರಿಸುತ್ತ. "ಇಲ್ಲೆ ಬಾಣಂತಿ ಮಕ್ಕೊಂಡಾಳ."