ತೊಕ್ಕೊಟ್ಟಿನ ಕಾರ್ಬಣ್ಣ

ಕಾರ್ಬಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಅದೀಗ ಆಧಾರ್ ಕಾರ್ಡಿನಲ್ಲಿ ಮತ್ತು ಸೊಸೈಟಿಯ ಪಾಸ್ ಪುಸ್ತಕದಲ್ಲಿ ಮಾತ್ರ ಉಂಟು. ತೊಕ್ಕೊಟ್ಟು ಫ್ಲೈಓವರಿನ ಅಡಿಯಿಂದ ಹಿಡಿದು ಕುತ್ತಾರಿನವರೆಗೆ ಯಾವ ಗ್ಯಾರೇಜಿನಲ್ಲಿ ವಿಚಾರಿಸಿದರೂ ಅವರು ಕಾರ್ಬಣ್ಣನೇ. ಕೊಲ್ಲಿಯಲ್ಲಿ ಕಂಡವರ ಏಸಿ ರಿಪೇರಿ ಮಾಡಿ ಮನೆ ಕಟ್ಟಿದರು, ಮಗಳ ಮದುವೆ ಮಾಡಿದರು, ಉಳಿದ ದುಡ್ಡಿನಲ್ಲಿ ಒಂದು ಕಪ್ಪು ಥಂಡರ್‌ಬರ್ಡ್ 350 ಬೈಕು ತೆಗೆದುಕೊಂಡರು. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಚಪ್ಪಟೆ ಮೂತಿಯ ಸ್ಕ್ರೂ ಡ್ರೈವರ್. ಮದುವೆ ಹಾಲಿನಲ್ಲಿ ಮುಯ್ಯಿ ಬರೆಯುವ ಹುಡುಗ ಪೆನ್ನು ಕೇಳಿದಾಗ ಅದನ್ನೇ ತೆಗೆದು ಕೊಟ್ಟವರು ಅವರು.

ಹಿಂದಿನವರು ಹೊಸಬರ ಕೈಗೆ ನೀರು-ಬೆಲ್ಲ ಕೊಡುತ್ತಾ “ಯಾವ ಬರಿ?” ಎಂದು ಕುಲ ಕೇಳುತ್ತಿದ್ದ ಹಾಗೆ ಕಾರ್ಬಣ್ಣ “ನಿಮ್ಮದು ಕಾರ್ಬಾ, ಎಫ್‌ಐಯಾ?” ಎಂದು ಕೇಳುತ್ತಾರೆ. ಕಾರ್ಬು, ಅಂದರೆ ಕಾರ್ಬೊರೇಟರ್ ಗಾಡಿ ಆದರೆ ಚಾ, ಗೋಳಿಬಜೆ. ಎಫ್‌ಐ, ಅಂದರೆ ಫ್ಯೂಯೆಲ್ ಇಂಜೆಕ್ಷನ್ ಆದರೆ ಚಾ ಮಾತ್ರ. ಬಜೆಯ ಬದಲು ಉಪದೇಶ.

“ಎಂಜಿನ್ ಉಸಿರು ಎಳೀತದೆ ಮಾರಾಯ್ರೆ. ಆ ಗಾಳಿ ಸಪೂರ ಜಾಗದಲ್ಲಿ ನುಗ್ಗುವಾಗ ಜೋರಾಗ್ತದೆ, ಅಲ್ಲಿ ಒತ್ತಡ ಕಡಿಮೆ ಆಗ್ತದೆ, ಪೆಟ್ರೋಲ್ ತನ್ನಷ್ಟಕ್ಕೆ ಮೇಲೆ ಬರ್ತದೆ. ಕರೆಂಟ್ ಬೇಡ, ಕಂಪ್ಯೂಟರ್ ಬೇಡ. ನಿಮ್ಮ ಎಫ್‌ಐಯಲ್ಲಿ ಎಂತ ಉಂಟು? ಗಾಳಿ ನೋಡ್ಲಿಕ್ಕೆ ಒಂದು ಸೆನ್ಸರ್, ಬಿಸಿ ನೋಡ್ಲಿಕ್ಕೆ ಒಂದು, ಹೊಗೆ ನೋಡ್ಲಿಕ್ಕೆ ಮತ್ತೊಂದು. ಇಷ್ಟು ಜನ ಸೇರಿ ಪೆಟ್ರೋಲ್ ಚಿಮುಕಿಸುವುದಾ?” ಎಂದು ಅವರು ಕೇಳುವಾಗ ಕೇಳುಗನಿಗೆ ಒಂದು ಗಳಿಗೆ ಹೌದಲ್ಲ ಅನಿಸುತ್ತದೆ.

ಅವರ ಇಷ್ಟದೈವ ಡುಗು ಡುಗು ಸದ್ದು. ಅದು ಕಾರ್ಬೊರೇಟರಿನ ಕೃಪೆ ಎಂಬುದು ಅವರ ನಂಬಿಕೆ. ಆ ಸದ್ದು ಬರುವುದು ಒಂದೇ ದೊಡ್ಡ ಸಿಲಿಂಡರಿನಿಂದ, ಅದರೊಳಗೆ ದೂರ ಓಡಾಡುವ ಪಿಸ್ಟನ್ನಿನಿಂದ. ಹಾರ್ಲೆ-ಡೇವಿಡ್‌ಸನ್ನಿನ ಕುಂಟು ತಾಳ ಕೂಡ ಅದರ ಎರಡು ಸಿಲಿಂಡರುಗಳು ನಿಂತ 45 ಡಿಗ್ರಿ ಕೋನದ್ದು. ಹಾರ್ಲೆಯವರು 2007ರ ಮಾದರಿಗಳಿಗೆ ಕಾರ್ಬೊರೇಟರನ್ನು ಪೂರ್ತಿ ಕೈಬಿಟ್ಟರೂ ತಾಳ ತಪ್ಪಲಿಲ್ಲ. ಇದನ್ನು ಹೇಳಿದರೆ ಕಾರ್ಬಣ್ಣ “ಅದು ಅಮೆರಿಕದ ಕತೆ ಮಾರ್ರೆ” ಎಂದು ಮಾತು ಮುಗಿಸುತ್ತಾರೆ. ನಮ್ಮ ದೇಶದ ಕತೆಯಾದರೂ ಅವರಿಗೆ ಅನುಕೂಲವಾಗಿಲ್ಲ. ಇಲ್ಲಿ ಮೊದಲು ಇಂಜೆಕ್ಷನ್ ಹಾಕಿಕೊಂಡ ಬೈಕು 2006ರಲ್ಲಿ ಬಂದ ಹೀರೊ ಹೋಂಡಾ ಗ್ಲ್ಯಾಮರ್, ಬರೀ 125 ಸಿಸಿ. 2012ರಲ್ಲಿ ಅವರ ಥಂಡರ್‌ಬರ್ಡಿನ ಮನೆಯೇ ಎರಡು ಪಾಲಾಯಿತು: 350ಕ್ಕೆ ಕಾರ್ಬು, 500ಕ್ಕೆ ಇಂಜೆಕ್ಷನ್. 500ರವರನ್ನು ಕಂಡರೆ ಕಾರ್ಬಣ್ಣ ಇವತ್ತಿಗೂ ದಾಯಾದಿಯನ್ನು ಕಂಡ ಹಾಗೆ ಅರ್ಧ ನಗುತ್ತಾರೆ.

ಡುಗು ಡುಗು ನಡುವೆ ಅಂತರ ಹೆಚ್ಚಬೇಕೆಂದು ಅವರು ಐಡ್ಲಿಂಗ್ ಸ್ಕ್ರೂವನ್ನು ಸಡಿಲಿಸುತ್ತಲೇ ಇರುತ್ತಾರೆ. ಪರಿಣಾಮ, ಫ್ಲೈಓವರಿನ ಅಡಿಯಲ್ಲಿ ದೇರಳಕಟ್ಟೆಯ ಕಡೆ ತಿರುಗುವ ಹೊತ್ತಿಗೆ ಸರಿಯಾಗಿ ಗಾಡಿ ಆಫ್. ಹಿಂದೆ ಕೊಣಾಜೆಯ ಸಿಟಿ ಬಸ್ಸು, ಅದರ ಹಿಂದೆ ಮೆಡಿಕಲ್ ಕಾಲೇಜಿನ ಮಕ್ಕಳ ಸ್ಕೂಟರುಗಳು, ಎಲ್ಲರ ಹಾರನ್ನು ಒಟ್ಟಿಗೆ. ಕಾರ್ಬಣ್ಣ ಗಾಬರಿಯಾಗುವುದಿಲ್ಲ. ಇಳಿದು, ಕನ್ನಡಕ ಸರಿಮಾಡಿ, ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದು ಕಾಲು ಸುತ್ತು ತಿರುಗಿಸುತ್ತಾರೆ. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡೇ “ಅಣ್ಣಾ, ಸಾಣೆ ಹಿಡಿದು ಆಯ್ತಾ?” ಎಂದು ಕೇಳುತ್ತಾನೆ.

ಪೆಟ್ರೋಲಿನ ವಿಷಯದಲ್ಲಿ ಅವರ ಶಾಸ್ತ್ರ ಇನ್ನೂ ಗಹನ. ಕೇರಳದಲ್ಲಿ ಬೆಲೆ ಜಾಸ್ತಿಯೆಂದು ಮಂಜೇಶ್ವರದ ಕಡೆಯವರು ತಲಪಾಡಿ ದಾಟಿ ನಮ್ಮ ಬಂಕುಗಳಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತಾರೆ. ಕಾರ್ಬಣ್ಣ ಅದೇ ಹೆದ್ದಾರಿ 66ರಲ್ಲಿ ಎದುರು ದಿಕ್ಕಿಗೆ ಹೋಗಿ, ಲೀಟರಿಗೆ ಹೆಚ್ಚು ತೆತ್ತು ಆಚೆಯದ್ದು ಹಾಕಿಸುತ್ತಾರೆ. “ಆಚೆಯದ್ದು ಶುದ್ಧ, ಪ್ಲಗ್ಗಿನ ಬಣ್ಣದಲ್ಲಿ ಗೊತ್ತಾಗ್ತದೆ.” 2023ರಿಂದ ಬರತೊಡಗಿದ ಶೇ. 20 ಎಥನಾಲಿನ ಪೆಟ್ರೋಲಿಗೆ ಗಡಿಯ ಹಂಗಿಲ್ಲ ಎಂದರೆ ಅವರು ನಂಬುವುದಿಲ್ಲ. ಎಥನಾಲಿಗೆ ನೀರು ಕಂಡರೆ ಪ್ರೀತಿ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಜತೆಗೆ ಸೋಮೇಶ್ವರದ ಕಡೆಯಿಂದ ಬೀಸುವ ಉಪ್ಪುಗಾಳಿ. ಆಟಿ ತಿಂಗಳಲ್ಲಿ ಎರಡು ವಾರ ಗಾಡಿ ತೆಗೆಯದೆ ಇಟ್ಟರೆ ಸಾಕು, ಕಾರ್ಬೊರೇಟರಿನ ಪೈಲಟ್ ಜೆಟ್ ಎಂಬ ತೂತು ಕಟ್ಟಿಕೊಳ್ಳುತ್ತದೆ. ಆ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಅದಕ್ಕೆ ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ ಎಂದು ಎಲ್ಲ ಮೆಕ್ಯಾನಿಕರೂ ಹೇಳುತ್ತಾರೆ. ಕಾರ್ಬಣ್ಣ ವಯರಿನ ಒಂದು ಎಳೆ ತೂರಿಸುತ್ತಾರೆ. ತೂತು ದೊಡ್ಡದಾಗುತ್ತದೆ. ಮೈಲೇಜು ಇಳಿಯುತ್ತದೆ. ತಪ್ಪು ಈಚೆಯ ಪೆಟ್ರೋಲಿನದ್ದಾಗುತ್ತದೆ.

ಹೋದ ಮಳೆಗಾಲದಲ್ಲಿ ಹಾಗೆ ಬಿಚ್ಚುವಾಗ ಒಂದು ಸಣ್ಣ ಸ್ಕ್ರೂ ಕಾಣೆಯಾಯಿತು. ಅಂಗಳದ ಜಲ್ಲಿಯನ್ನೆಲ್ಲ ಜಾಲಾಡಿದರು. ಕೊನೆಗೆ ಕುತ್ತಾರಿನ ಕೊರಗಜ್ಜ ದೈವಕ್ಕೆ ಚಕ್ಕುಲಿ, ವೀಳ್ಯದೆಲೆಯ ಹರಕೆ ಹೇಳಿಕೊಂಡರು. ಐದು ನಿಮಿಷದಲ್ಲಿ ಸ್ಕ್ರೂ ಅವರದ್ದೇ ಲುಂಗಿಯ ಮಡಿಕೆಯಲ್ಲಿ ಸಿಕ್ಕಿತು. ಹರಕೆ ತೀರಿಸಲು ಹೋದದ್ದು ರಿಕ್ಷಾದಲ್ಲಿ. ಗಾಡಿ ಇನ್ನೂ ಜೋಡಿಸಿ ಆಗಿರಲಿಲ್ಲ.

ಅವರ ಅಕ್ಕನ ಮಗನ ಹತ್ತಿರ ಮೀಟಿಯರ್ 350 ಉಂಟು. ಕೀ ತಿರುಗಿಸಿದಾಗ ಪೆಟ್ರೋಲ್ ಪಂಪು ಗುಂಯ್ ಎನ್ನುತ್ತದೆ. “ಇದು ಬೈಕಾ, ಮಿಕ್ಸಿಯಾ?” ಎಂದು ಮಾವ ದಿನಾ ಕೇಳುತ್ತಾರೆ, ಅಳಿಯ ದಿನಾ ನಗುತ್ತಾನೆ. ಇಬ್ಬರೂ ಒಮ್ಮೆ ಚಾರ್ಮಾಡಿ ಹತ್ತಿ ಮುಳ್ಳಯ್ಯನಗಿರಿಗೆ ಹೊರಟರು. ಗಿರಿಯ ಎತ್ತರ 1,930 ಮೀಟರ್. ಅಲ್ಲಿ ಗಾಳಿ ನಮ್ಮ ಕಡಲತೀರಕ್ಕಿಂತ ಸುಮಾರು ಐದರಲ್ಲೊಂದು ಪಾಲು ತೆಳು. ಇಂಜೆಕ್ಷನ್ ಅದನ್ನು ಅಳೆದು ಪೆಟ್ರೋಲ್ ಕಡಿಮೆ ಮಾಡುತ್ತದೆ. ಕಾರ್ಬೊರೇಟರ್ ತೊಕ್ಕೊಟ್ಟಿನಲ್ಲೇ ಇದ್ದೇನೆಂದು ತಿಳಿದು ಬಡಿಸುತ್ತಲೇ ಇರುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟ ಥಂಡರ್‌ಬರ್ಡ್ ಗಿರಿಯ ತಿರುವುಗಳಲ್ಲಿ ಕೆಮ್ಮಿತು, ಕಪ್ಪು ಹೊಗೆ ಬಿಟ್ಟಿತು. “ಅದಕ್ಕೆ ಥಂಡಿ ಆಗಿದೆ” ಎಂದರು ಕಾರ್ಬಣ್ಣ. ಅಳಿಯ ಮೇಲೆ ಹೋಗಿ ಫೋಟೊ ತೆಗೆದು ಕೆಳಗೆ ಬರುವಾಗಲೂ ಮಾವ ಅದೇ ತಿರುವಿನಲ್ಲಿ ಪ್ಲಗ್ ಉಜ್ಜುತ್ತಾ ಕೂತಿದ್ದರು. ಮುಖದಲ್ಲಿ ಮಾತ್ರ ಎಂಥ ಖುಷಿ!

ಅವರಿಗೂ ಒಂದು ದಿನ ಬಂತು. ಸೋಮೇಶ್ವರ ಬೀಚಿನಲ್ಲಿ ಅಳಿಯ ಹೆಚ್ಚುವರಿ ಲೈಟುಗಳನ್ನು ಉರಿಯಲು ಬಿಟ್ಟು ಸಂಜೆಯಿಡೀ ಕೂತ. ಬ್ಯಾಟರಿ ಖಾಲಿ. ಪಂಪು ತಿರುಗಲಿಲ್ಲ, ಇಂಜೆಕ್ಟರ್ ಬಾಯಿ ಬಿಡಲಿಲ್ಲ, ಮೀಟಿಯರಿಗೆ ಕಿಕ್ಕರ್ ಇಲ್ಲವೇ ಇಲ್ಲ. ಕಾರ್ಬಣ್ಣ ಹಗ್ಗ ಹಿಡಿದು ಬಂದರು, ಹತ್ತು ಜನ ನೋಡುವ ಹಾಗೆ ಒಂದೇ ಕಿಕ್ಕಿನಲ್ಲಿ ತಮ್ಮದನ್ನು ಚಾಲೂ ಮಾಡಿ ತೋರಿಸಿದರು. ಆಮೇಲೆ ನಡೆದ ಎಲ್ಲ ಮದುವೆ, ಗೃಹಪ್ರವೇಶ, ಬೊಜ್ಜಗಳಲ್ಲಿ ಊಟದ ಪಂಕ್ತಿಗೆ ಈ ಕತೆ ಬಡಿಸಲಾಗಿದೆ. ಬ್ಯಾಟರಿ ಸತ್ತರೆ ಇಂಜೆಕ್ಷನ್ ಗಾಡಿ ಸತ್ತಂತೆಯೇ; ಅಷ್ಟು ಮಟ್ಟಿಗೆ ಕಾರ್ಬಣ್ಣನ ಮಾತು ಖರೆ.

ಗ್ಯಾರೇಜಿನ ಹುಡುಗ ಈಗ ಸ್ಕ್ಯಾನರ್ ಚುಚ್ಚಿ, ಪರದೆ ನೋಡಿ, “ಸೆನ್ಸರ್ ಹೋಗಿದೆ” ಎಂದು ಎರಡೇ ಮಾತು ಆಡುತ್ತಾನೆ. ಕಾರ್ಬಣ್ಣನ ಸಂಕಟ ಅಲ್ಲಿಯದ್ದು. ಆ ಪರದೆಯ ಮುಂದೆ ಟಯರಿನ ಮೇಲೆ ಕೂತು ಅಭಿಪ್ರಾಯ ಹೇಳಲಿಕ್ಕೆ ಜಾಗವೇ ಇಲ್ಲ. ಈ ಹಳೆ ಗಾಡಿ ಮಾರಿಬಿಡಿ ಎಂದು ಯಾರೋ ಅವರ ಹೆಂಡತಿಯ ಹತ್ತಿರ ಹೇಳಿ ನೋಡಿದರು. ಅತ್ತಿಗೆ ಗಾಬರಿಯಾದರು. “ಬೇಡ ಮಾರಾಯ್ರೆ, ಗಾಡಿ ಸರಿ ಇದ್ದ ದಿನ ಇವರು ನನ್ನ ಗ್ರೈಂಡರ್ ಬಿಚ್ತಾರೆ.”

2020ರ ಏಪ್ರಿಲಿನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂತು. ಬಜಾಜಿನ ಕ್ರೂಸರ್ ಅವೆಂಜರ್ 220 ಕೂಡ ಇಂಜೆಕ್ಷನ್ನಿಗೆ ತಿರುಗಿತು. ಕಾರ್ಬು ಇರುವ ಕ್ರೂಸರ್ ಬೇಕೆಂದರೆ ಇನ್ನು ಹಳೆಯದೇ ಗತಿ. ಅಂಥದ್ದೊಂದು ಕೊಳ್ಳುವ ಮನಸ್ಸಿದ್ದರೆ ಮಳೆಗಾಲ ಮುಗಿದ ಮೇಲೆ ನೋಡಿ, ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಕಾರ್ಬಣ್ಣನನ್ನು ಧಾರಾಳವಾಗಿ ಜತೆಗೆ ಕರೆದುಕೊಂಡು ಹೋಗಿ. ಫೀಸು ಕೇಳುವುದಿಲ್ಲ. ಆ ದಿನಕ್ಕೆ ಪೂರ್ತಿ ರಜೆ ಹಾಕಿರಿ, ಅಷ್ಟೆ.